ಮಂಡಿಯೂರಲಾಗದವರ ಪ್ರಾರ್ಥನೆ

"ನನಗೆ 61 ವರ್ಷ, ಊರು ಉಡುಪಿ. ಮಂಡಿ ಸವೆದು ಮೊಣಕಾಲೂರಲು ಆಗುವುದಿಲ್ಲ, ಪ್ರಾರ್ಥನೆಗೆ ಕೂತರೆ ತೂಕಡಿಕೆ. ಹೊರಗಿನ ಮನುಷ್ಯ ಸವೆದರೂ ಒಳಗಿನವನು ದಿನದಿನವೂ ಹೊಸಬನಾಗುತ್ತಾನೆಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ನನ್ನಲ್ಲಿ ಎರಡೂ ಒಟ್ಟಿಗೇ ಸವೆಯುತ್ತಿವೆಯಲ್ಲ, ಏನು ಮಾಡಲಿ?" ಎಂದು ಕೇಳಿದ್ದೀರಿ.

ಸಹೋದರರೇ, ನನಗೆ 74. ಮಂಗಳೂರಿನವಳು, ಸಿ.ಎಸ್.ಐ. (ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಕ್ರೈಸ್ತ) ಸಭೆಯವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ನಿಮ್ಮ ಪ್ರಶ್ನೆ ಓದಿದ ದಿನವೇ ಉತ್ತರ ಬರೆಯಲು ಆಗಲಿಲ್ಲ. ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದೆ.

ಮಂಡಿಯ ವಿಷಯ ಮೊದಲು ಮುಗಿಸುತ್ತೇನೆ, ಅದು ಸಣ್ಣದು. ಕುರ್ಚಿಯಲ್ಲಿ ಕೂತೇ ಪ್ರಾರ್ಥಿಸಿ. ಸಾಯುವ ಕಾಲದಲ್ಲಿ ಯಾಕೋಬನು ಯೋಸೇಫನ ಮಕ್ಕಳನ್ನು ಆಶೀರ್ವದಿಸಿ, ತನ್ನ ಕೋಲಿನ ತುದಿಗೆ ಒರಗಿಕೊಂಡು ಆರಾಧಿಸಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಉಂಟು. ಕೋಲು ಹಿಡಿದ ಆರಾಧನೆಯನ್ನು ಯಾರೂ ಕಡಿಮೆ ಎಂದು ಎಣಿಸಲಿಲ್ಲ. ತೂಕಡಿಕೆ ಬಂದರೆ ಕಣ್ಣು ತೆರೆದುಕೊಂಡೇ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ.

ಆದರೆ 'ಒಳಗೂ ಸವೆಯುತ್ತಿದೆ' ಎಂದಿರಲ್ಲ, ಅದನ್ನು ಅಷ್ಟು ಬೇಗ ನಂಬಬೇಡಿ. ಕೆಲವು ವರ್ಷಗಳ ಹಿಂದೆ ಚರ್ಚಿನ ಪ್ರಸಂಗ ನನ್ನನ್ನು ತಟ್ಟುವುದೇ ನಿಂತುಹೋಯಿತು. ಸಭಾಪಾಲಕ ಅಯ್ಯನವರು ಹೇಳುತ್ತಿದ್ದಾರೆ, ನಾನು ಎಲ್ಲೋ ಇದ್ದೇನೆ. ಆರಾಧನೆ ಮುಗಿದು ಹೊರಗೆ ಬಂದಾಗ ಇವತ್ತು ಯಾವ ವಾಕ್ಯ ಎಂದರೆ ನೆನಪಿಲ್ಲ. ಹೃದಯ ಕಲ್ಲಾಯಿತೆಂದುಕೊಂಡೆ. ಒಂದು ಮಳೆಗಾಲ ಪೂರ್ತಿ ರಾತ್ರಿ ಅದಕ್ಕಾಗಿಯೇ ಕ್ಷಮೆ ಬೇಡಿದೆ. ಕೊನೆಗೆ ಟಿ.ವಿ.ಯ ಸದ್ದು ಜಾಸ್ತಿಯಾಯಿತೆಂದು ಸೊಸೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದಳು. ವಯಸ್ಸಾದಾಗ ಮೊದಲು ಹೋಗುವುದು ಕೀಚಲು ದನಿಗಳಂತೆ. ಸ, ಶ, ಚ ಇಂಥವು ಮಸುಕಾಗುತ್ತವೆ. ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಅದರ ಮೇಲೆ ಹಂಚಿನ ಮಾಡಿಗೆ ಬೀಳುವ ನಮ್ಮ ಮಳೆ, ತಲೆ ಮೇಲೆ ಫ್ಯಾನು. ಮನಸ್ಸು ಅರ್ಧ ಗಂಟೆ ಆ ಗದ್ದಲದಲ್ಲಿ ಅಕ್ಷರ ಹೆಕ್ಕಿ ಹೆಕ್ಕಿ ಸೋತು ಕೈಬಿಡುತ್ತಿತ್ತು. ಕಿವಿಗೆ ಯಂತ್ರ ಹಾಕಿಸಿಕೊಂಡ ಮೇಲಿನ ಮೊದಲ ಭಾನುವಾರ ವೇದಪಾಠದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಕೂತಲ್ಲೇ ಅತ್ತುಬಿಟ್ಟೆ. ಅಷ್ಟು ಕಾಲ ನಾನು ಪಾಪವೆಂದು ಒಪ್ಪಿಕೊಂಡದ್ದು ಕಿವಿಯ ಸವೆತವನ್ನು!

ಅದಕ್ಕೇ ಹೇಳುವುದು, ಡಾಕ್ಟರರಿಗೆ ತೋರಿಸಿ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕೊರತೆಯಾದರೂ ಆಯಾಸ, ಮರೆವು, ಬೇಸರ ಬರಬಹುದು. ಶುಗರಿಗೆಂದು ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು. ಮೊದಲು ಇಷ್ಟವಾಗುತ್ತಿದ್ದ ಯಾವುದೂ ವಾರಗಟ್ಟಲೆ ಬೇಡವೆನಿಸಿದರೆ ಅದು ಖಿನ್ನತೆಯೂ ಇರಬಹುದು, ಅದಕ್ಕೆ ಚಿಕಿತ್ಸೆ ಉಂಟು. ಮಾತ್ರೆ ನುಂಗುವುದು ಅವಿಶ್ವಾಸವಲ್ಲ.

ಇನ್ನು ನಿಜವಾದ ಬೆಳವಣಿಗೆ. ವಯಸ್ಸಾದವರಿಗೆ ಹುರುಪು ತುಂಬಲು ನಮ್ಮಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಜರ್ಮನ್ ಮಿಷನರಿ ಕಿಟೆಲರ ಮಾತು ತೆಗೆಯುವುದುಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿಂದ ಅವರ ನಿಘಂಟು ಹೊರಬಂದಾಗ ಅವರಿಗೆ 62 ವರ್ಷ. ನನಗೆ ಅವರ ಮೇಲೆ ಅಪಾರ ಗೌರವ, ಶಾಲೆಯ ಮಕ್ಕಳಿಗೆ ಅವರ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ. ಆದರೆ ಹಾಸಿಗೆಯಲ್ಲಿ ಬಿದ್ದವರಿಗೆ ಆ ಕತೆ ಆಸರೆಯಾಗುವುದಿಲ್ಲ. ಕೈಯಲ್ಲಿ ಕೆಲಸ ಸಾಗುವ ತನಕ ಮಾತ್ರ ಬೆಳವಣಿಗೆ ಎಂದಾದರೆ ಸಾಗದವರು ಎಲ್ಲಿಗೆ ಹೋಗಬೇಕು?

ಮೂರು ವರ್ಷದ ಹಿಂದೆ ಆಟಿ ತಿಂಗಳ ಮಳೆಗಾಲದಲ್ಲಿ ಅಂಗಳದ ಪಾಚಿಗೆ ಜಾರಿ ಬಿದ್ದು ನನ್ನ ಸೊಂಟದ ಮೂಳೆ ಮುರಿಯಿತು. ಅಲ್ಲಿಯವರೆಗೆ ನಾನು ಕೊಡುವ ಪೈಕಿ. ಸಂಡೇ ಸ್ಕೂಲು, ಸ್ತ್ರೀ ಸಂಘ, ಕ್ವಾಯರ್, ಕಾಯಿಲೆಯವರ ಮನೆಗೆ ಗಂಜಿ, ಎಲ್ಲದರಲ್ಲೂ ಮುಂದೆ. ಇದ್ದಕ್ಕಿದ್ದಂತೆ ನನಗೇ ಇನ್ನೊಬ್ಬರು ಸ್ನಾನ ಮಾಡಿಸಬೇಕಾಯಿತು. ಸೊಸೆ ಬಿಸಿನೀರು ತಂದು, "ಮಾಮಿ, ಕಾಲು ಚಾಚಿ" ಅಂದರೆ ನಾನು ಗೋಡೆ ಕಡೆ ಮುಖ ತಿರುಗಿಸುತ್ತಿದ್ದೆ. ನಾಚಿಕೆ ಎಂದು ಹೇಳಿಕೊಂಡೆ, ಅದು ಗರ್ವ.

ಆಗಲೇ ಯೇಸುವಿನ ಶಿಷ್ಯ ಪೇತ್ರನ ಎರಡು ಸಂಗತಿಗಳು ಒಟ್ಟಿಗೆ ಕಂಡದ್ದು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ಕರ್ತನಾದ ಯೇಸು ಕಾಲು ತೊಳೆಯಲು ಬಂದಾಗ ಪೇತ್ರ ಬೇಡವೇ ಬೇಡ ಎನ್ನುತ್ತಾನೆ. ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬ ಉತ್ತರ ಬರುತ್ತದೆ. 21ನೇ ಅಧ್ಯಾಯದಲ್ಲಿ ಕರ್ತನು ಅದೇ ಪೇತ್ರನಿಗೆ, ಪ್ರಾಯದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ, ಮುದುಕನಾದಾಗ ಕೈ ಚಾಚುತ್ತೀ, ಬೇರೊಬ್ಬ ನಿನ್ನ ನಡುಕಟ್ಟಿ ನಿನಗಿಷ್ಟವಿಲ್ಲದಲ್ಲಿಗೆ ಒಯ್ಯುತ್ತಾನೆ ಎನ್ನುತ್ತಾನೆ. ಪೇತ್ರ ಎಂಥ ಮರಣ ಹೊಂದುವನೆಂಬುದಕ್ಕೆ ಅದು ಸೂಚನೆ ಎಂದು ಯೋಹಾನನೇ ಬರೆದಿದ್ದಾನೆ. ಅದರ ಬೆನ್ನಿಗೇ ಬರುವುದು, ನನ್ನನ್ನು ಹಿಂಬಾಲಿಸು ಎಂಬ ಮಾತು. ಒಯ್ಯಲ್ಪಡುವವನಿಗೆ ಹಿಂಬಾಲಿಸು ಎನ್ನುತ್ತಾನಲ್ಲ! ಹಾಸಿಗೆಯಲ್ಲಿ ಮಲಗಿ ದಿನಗಟ್ಟಲೆ ಅದನ್ನೇ ಯೋಚಿಸಿದೆ. ಕಾಲು ಚಾಚಿದ್ದು ಆಮೇಲೆ. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಕೃಪೆ ಎಂದು ಪಾಠ ಮಾಡಿದ್ದೆ, ಆ ಬೋಗುಣಿಯ ಹತ್ತಿರ ಅದರ ಅರ್ಥ ಹತ್ತಿತು.

ಎಲ್ಲ ದಿನವೂ ಹೀಗೆ ಇರಲಿಲ್ಲ, ಈಗಲೂ ಇಲ್ಲ. ನೋವು ಜಾಸ್ತಿಯಾದ ದಿನ ದೇವರ ಹತ್ತಿರ ದೂರುತ್ತೇನೆ. 71ನೇ ಕೀರ್ತನೆಯವನೂ ಶಕ್ತಿ ಕುಂದಿದಾಗ ನನ್ನನ್ನು ಬಿಟ್ಟುಬಿಡಬೇಡ ಎಂದು ಹಟ ಹಿಡಿದೇ ಬೇಡಿದ್ದಾನೆ.

ನೀವು ಮಾಡಬಹುದಾದದ್ದು ಒಂದೆರಡು ಹೇಳುತ್ತೇನೆ. ಚರ್ಚಿಗೆ ಹೋಗಲಾಗದ ತಿಂಗಳು ಕರ್ತನ ಭೋಜನದ ಸಂಸ್ಕಾರವನ್ನು (ರೊಟ್ಟಿ, ದ್ರಾಕ್ಷಾರಸ) ಮನೆಗೆ ತಂದುಕೊಡಲು ನಿಮ್ಮ ಸಭಾಪಾಲಕರನ್ನು ಕೇಳಿ, ಸಂಕೋಚ ಬೇಡ. ದೊಡ್ಡಕ್ಷರದ ಬೈಬಲ್ ಇಟ್ಟುಕೊಳ್ಳಿ, ಕಣ್ಣು ಸೋತರೆ ಫೋನಿನಲ್ಲಿ ಓದಿಸಿ ಕೇಳಿ. ನಿದ್ದೆ ಹರಿದ ಹೊತ್ತನ್ನು ಕೂಡ ಬಿಡಬೇಡಿ. ನನಗೆ ಮೂರೂವರೆಗೆ ಎಚ್ಚರವಾಗುತ್ತದೆ. ಆಗ ಒಂದು ನೋಟ್‌ಬುಕ್ಕಿನ ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇನೆ: ಕಲಿಸಿದ ಮಕ್ಕಳು, ಗಲ್ಫಿನಲ್ಲಿರುವ ಮಗ, ಬೀದಿಯ ರಿಕ್ಷಾದವರು, ಜಗಳವಾಡಿ ಮಾತು ಬಿಟ್ಟ ನೆಂಟರು. ಆ ಕೊನೆಯವರ ಹೆಸರು ಮೊದಲು ಬಾಯಿಂದ ಹೊರಡುತ್ತಿರಲಿಲ್ಲ, ಈಗ ಹೊರಡುತ್ತದೆ. ಬೆಳವಣಿಗೆ ಆಗಿದೆಯೇ ಎಂದು ಕೇಳಿದರೆ ನಾನು ಅದನ್ನೇ ತೋರಿಸಬಲ್ಲೆ.

ನಿಮ್ಮ ಹೆಸರು ನೀವು ಬರೆದಿಲ್ಲ. ಉಡುಪಿಯ ಸಹೋದರರು, ಮಂಡಿನೋವು ಎಂದು ನಿನ್ನೆ ರಾತ್ರಿ ಅದರಲ್ಲಿ ಬರೆದುಕೊಂಡಿದ್ದೇನೆ.