ಹಿರಿಯರ ಕಣ್ಣೆದುರೇ ಮಕ್ಕಳು ಮದ್ಯ ಸೇವಿಸಿದರೆ ತಪ್ಪೇನು?

ತಪ್ಪೇ. ನಮ್ಮೆದುರೇ ಆದರೂ ಮಕ್ಕಳಿಗೆ ಮದ್ಯ ಖಂಡಿತ ಕೊಡಬಾರದು. ‘ಹೊರಗೆ ಕದ್ದು ಕುಡಿಯುವ ಬದಲು ನಮ್ಮೆದುರೇ ಒಂದು ಗುಟುಕು ಕುಡಿಯಲಿ’ ಎನ್ನುತ್ತಾ ಮದುವೆ ಮನೆಯ ಹಿಂದಿನ ಕೋಣೆಯಲ್ಲಿ ಹದಿನೈದರ ಹುಡುಗನ ಕೈಗೆ ಬಿಯರ್ ಲೋಟ ಇಡುವ ಮಾವಂದಿರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಹದಿಹರೆಯದವರನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನೇ ಒರೆಗೆ ಹಚ್ಚಿತು. ಹೆತ್ತವರೇ ಮದ್ಯ ಕೊಟ್ಟದ್ದರಿಂದ ರಕ್ಷಣೆಯೇನೂ ಸಿಗಲಿಲ್ಲ; ಅಂಥ ಮಕ್ಕಳು ಹೊರಗಿನಿಂದಲೂ ಮದ್ಯ ಪಡೆಯುವ ಸಾಧ್ಯತೆ ಹೆಚ್ಚೇ ಇತ್ತು. ದುಡುಕಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ.

ಕಾನೂನೂ ಸ್ಪಷ್ಟ: 18 ತುಂಬದವರಿಗೆ ವೈದ್ಯರ ಆದೇಶವಿಲ್ಲದೆ ಮದ್ಯ ಕೊಟ್ಟರೆ, 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಅಪ್ಪನೇ ಆದರೂ ವಿನಾಯಿತಿಯಿಲ್ಲ.

ಮಗ ಎಲ್ಲೋ ಕುಡಿದು ಬಂದರೆ ಹೊಡೆಯದೆ ಒಳಗೆ ಕರೆದುಕೊಳ್ಳಿ. ಬೆಳಗ್ಗೆ ಕೂರಿಸಿಕೊಂಡು ಮಾತನಾಡಿ.