ಹಾಸನ–ಬೆಂಗಳೂರು ರೈಲಿಗೆ ಯಾವ ಪುಸ್ತಕ?

ರೈಲಿನಲ್ಲಿ ಓದೋಕೆ ‘ಪ್ರಾಜೆಕ್ಟ್ ಹೇಲ್ ಮೇರಿ’ ತಗೊಳ್ಳಲೋ ‘ಪಿರನೇಸಿ’ಯೋ ಅಂತ ಕೇಳಿದ್ದೀರಿ, ಇಂಗ್ಲಿಷ್ ಕಾದಂಬರಿ ಅಷ್ಟಾಗಿ ರೂಢಿಯಿಲ್ಲ ಅಂತಲೂ ಬರೆದಿದ್ದೀರಿ. ಹಾಗಾದರೆ ಆಂಡಿ ವೀರ್ ಅವರ ‘ಹೇಲ್ ಮೇರಿ’ (2021) ಮೊದಲು ಹಿಡಿಯಿರಿ. ವಾಕ್ಯಗಳು ಚಿಕ್ಕವು, ಆಡುಮಾತಿನ ಧಾಟಿ.

ತೊಡಕಾಗೋದು ಒಂದು ಕಡೆ. ನೆನಪು ಕಳೆದುಕೊಂಡು ಬಾಹ್ಯಾಕಾಶ ನೌಕೆಯಲ್ಲಿ ಎಚ್ಚರಗೊಂಡವನ ಕಥೆಯ ನಡುವೆ ಭೂಮಿಯ ಹಳೆಯ ಘಟನೆಗಳು ಬಂದುಹೋಗುತ್ತವೆ. ನೌಕೆಯ ಭಾಗ ವರ್ತಮಾನ ಕಾಲದಲ್ಲಿದೆ, ಭೂಮಿಯದು ಭೂತಕಾಲದಲ್ಲಿ. ಕ್ರಿಯಾಪದದ ಮೇಲೆ ಕಣ್ಣಿಟ್ಟರೆ ದಾರಿ ತಪ್ಪಲ್ಲ. ನಡುನಡುವೆ ಬರುವ ವಿಜ್ಞಾನದ ಲೆಕ್ಕಾಚಾರ ತಲೆಗೆ ಹತ್ತದಿದ್ದರೆ ಉತ್ತರವಷ್ಟೇ ನೋಡಿ ಮುಂದೆ ಹೋಗಿ, ಕಥೆಗೆ ನಷ್ಟವಿಲ್ಲ. ಸಿನಿಮಾದ ಟ್ರೇಲರ್ ಮಾತ್ರ ದಯವಿಟ್ಟು ನೋಡಬೇಡಿ. ಪುಸ್ತಕದ ಅತಿ ದೊಡ್ಡ ಅಚ್ಚರಿಯನ್ನೇ ಅದು ಬಿಟ್ಟುಕೊಡುತ್ತೆ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020) ಸುಮಾರು 250 ಪುಟದ್ದು, ಆದರೆ ರೈಲಿನ ಗಲಾಟೆಗೆ ಒಗ್ಗಲ್ಲ. ಕೊನೆಯಿಲ್ಲದ ಹಜಾರಗಳ ಮನೆಯೊಂದರಲ್ಲಿ ಇರುವವನ ದಿನಚರಿಯ ರೂಪದಲ್ಲಿದೆ. ಆ ಹಜಾರಗಳ ದಿಕ್ಕು ನೆನಪಿಟ್ಟುಕೊಳ್ಳೋಕೆ ಹೋಗಿ ಬಹಳ ಜನ ಶುರುವಿನಲ್ಲೇ ಕೈಬಿಡುತ್ತಾರೆ. ನಕ್ಷೆಯ ಗೊಡವೆ ಬೇಡ. ಅವನು ವರ್ಷಗಳಿಗೆ ಹೇಗೆ ಹೆಸರಿಡುತ್ತಾನೆ ಅನ್ನೋದನ್ನು ಗಮನಿಸಿ, ಸುಳಿವಿರೋದು ಅಲ್ಲೇ. ಮನೆಯಲ್ಲಿ ರಾತ್ರಿ ಕೂತು ಓದಿ, ಅದರ ರುಚಿಯೇ ಬೇರೆ.