ಟ್ರಿಪಲ್ ಜಂಪ್ ಟಿವಿಯಲ್ಲಿ ಕಾಣೋದೇ ಇಲ್ಲ ಅಂದವರಿಗೆ ಒಂದು ಉದ್ದದ ಉತ್ತರ

ಶಿವಣ್ಣ ಅವರೇ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ಓದಿದೆ. ಅವಸರದಲ್ಲಿ ಎರಡು ಸಾಲು ಗೀಚೋದು ಬೇಡ ಅಂತ ಈಗ ಕೂತು ಬರೆಯುತ್ತಿದ್ದೇನೆ. ನಿಮ್ಮ ಮಗಳು ಟ್ರಿಪಲ್ ಜಂಪ್‌ನಲ್ಲಿ, ಅಂದ್ರೆ ಓಡಿಬಂದು ಹಾಪ್, ಸ್ಟೆಪ್, ಜಂಪ್ ಅಂತ ಮೂರು ಹಂತದಲ್ಲಿ ಹಾರುವ ಆಟದಲ್ಲಿ, ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಅವಳಿಗೆ ದೊಡ್ಡ ಕೂಟದ ಫೈನಲ್ ತೋರಿಸೋಣ ಅಂತ ಎರಡು ಗಂಟೆ ಟಿವಿ ಮುಂದೆ ಕೂರಿಸಿದ್ರಿ. ಕಂಡಿದ್ದು ನಾಲ್ಕೇ ಜಿಗಿತ. ಮಿಕ್ಕಿದ್ದೆಲ್ಲ ಓಟದ ರೀಪ್ಲೇ, ಜಾಹೀರಾತು, ಸ್ಟುಡಿಯೊದವರ ಮಾತು. "ಟಿವಿ ಬಿಟ್ಟು ಯೂಟ್ಯೂಬ್ ತುಣುಕು ತೋರಿಸಿದ್ರೆ ಸಾಕಾ?" ಅಂತ ಕೇಳಿದ್ದೀರಿ. ಸಾಕಾಗಲ್ಲ. ತುಣುಕಿನಲ್ಲಿ ಗೆದ್ದ ಜಿಗಿತ ಸಿಗುತ್ತೆ, ಸ್ಪರ್ಧೆ ಸಿಗಲ್ಲ. ಜಿಗಿಯುವ ಮಕ್ಕಳು ಕಲಿಯಬೇಕಾದ್ದು ಸ್ಪರ್ಧೆಯನ್ನೇ.

ನಾನು 26 ವರ್ಷ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದವನು. ನಿಮಗಾದ ಹೊಟ್ಟೆಉರಿ ನನಗೂ ಆಗಿದೆ. ಒಂದು ಸಲ ಆರು ಮಕ್ಕಳನ್ನು ಮನೆಗೆ ಕರೆದು ಟ್ರಿಪಲ್ ಜಂಪ್ ಫೈನಲ್ ಹಾಕಿದ್ದೆ. ಮನೆಯವರು ಮಂಡಕ್ಕಿ ಕಲಸಿ ಕೊಟ್ಟಿದ್ದರು. ಐದನೇ ಸುತ್ತು ಶುರುವಾಗುವ ಹೊತ್ತಿಗೆ ಆಗಲೇ ಮುಗಿದಿದ್ದ ಒಂದು ಓಟವನ್ನು ಮೂರು ಸಲ ತಿರುಗಿಸಿ ತೋರಿಸಿದರು. ಆಮೇಲೆ ಜಾಹೀರಾತು. ವಾಪಸ್ ಬಂದಾಗ ಪರದೆಯ ಕೆಳಗಿನ ಪಟ್ಟಿಯಲ್ಲಿ ಮೂರು ಹೆಸರು ಓಡುತ್ತಿದ್ದವು, ಚಿನ್ನ, ಬೆಳ್ಳಿ, ಕಂಚು. ಒಬ್ಬ ಹುಡುಗ "ಸಾರ್, ಮುಗಿದೇ ಹೋಯ್ತಾ?" ಅಂದ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಆವತ್ತಿನಿಂದ ನಾನು ಹಾಳೆ, ಪೆನ್ಸಿಲ್ ಇಲ್ಲದೆ ಅಥ್ಲೆಟಿಕ್ಸ್ ನೋಡಲು ಕೂರುವುದಿಲ್ಲ.

ಮೊದಲು ಹೀಗೆ ಯಾಕಾಗುತ್ತೆ ಅನ್ನೋದು ಗೊತ್ತಿರಲಿ. ಒಲಿಂಪಿಕ್ಸ್‌ನ ಚಿತ್ರಗಳನ್ನು ನಮ್ಮ ಚಾನೆಲ್‌ನವರು ತೆಗೆಯುವುದಿಲ್ಲ. ಅದಕ್ಕೆ ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವಿಸಸ್ ಅಂತ ಒಂದು ಸಂಸ್ಥೆ ಇದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2001ರಲ್ಲಿ ಅದನ್ನು ಕಟ್ಟಿತು. ಎಲ್ಲ ದೇಶದ ಚಾನೆಲ್‌ಗಳಿಗೂ ಮೂಲ ಚಿತ್ರ ಅಲ್ಲಿಂದಲೇ ಹೋಗುತ್ತೆ. ಅಥ್ಲೆಟಿಕ್ಸ್‌ನಲ್ಲಿ ಎಲ್ಲವನ್ನೂ ಸೇರಿಸಿದ ಒಂದು ಮಿಶ್ರ ಫೀಡ್ (ಚಾನೆಲ್‌ಗೆ ಬರುವ ನೇರ ಚಿತ್ರ) ಇರುತ್ತೆ, ಟ್ರ್ಯಾಕ್‌ಗೆ, ಜಿಗಿತಕ್ಕೆ, ಎಸೆತಕ್ಕೆ ಬೇರೆ ಫೀಡ್‌ಗಳೂ ಇರುತ್ತವೆ. ಚಾನೆಲ್‌ನವರು ಸಾಮಾನ್ಯವಾಗಿ ಮಿಶ್ರ ಫೀಡ್ ಹಾಕುತ್ತಾರೆ. ಅದರಲ್ಲಿ ಓಟಕ್ಕೆ ಮೊದಲ ಮಣೆ, ಯಾಕಂದ್ರೆ ಓಟಕ್ಕೆ ಗಡಿಯಾರದ ಹೊತ್ತು ನಿಗದಿಯಾಗಿರುತ್ತೆ. ಜಿಗಿತ ಒಂದೂವರೆ ಗಂಟೆ ಎಳೆಯುತ್ತೆ, ಹಾಗಾಗಿ ಅದನ್ನು ಸಂದಿಯಲ್ಲಿ ತುರುಕುತ್ತಾರೆ. ಲೈವ್ ಅಂದುಕೊಂಡು ನಾವು ನೋಡುವ ಜಿಗಿತ ಎಷ್ಟೋ ಸಲ ರೆಕಾರ್ಡ್ ಮಾಡಿಟ್ಟು ಆಮೇಲೆ ಬಿಟ್ಟಿದ್ದು. ಇದರ ಮೇಲೆ ನಮ್ಮ ಚಾನೆಲ್‌ನ ಜಾಹೀರಾತು, ಸ್ಟುಡಿಯೊ ಮಾತು ಬಂದು ಕೂರುತ್ತೆ. ಅಂದ್ರೆ ಎರಡು ಕಡೆ ಕತ್ತರಿ.

ಇದು ನಮ್ಮ ದೇಶದ ಗೋಳು ಮಾತ್ರ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಎನ್‌ಬಿಸಿ ಹೆಚ್ಚುಕಡಿಮೆ ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟು ತಮ್ಮ ಊರಿನ ಸಂಜೆಗೆ ತೋರಿಸಿತು.

ಒಂದು ಸಂಜೆಯ ಲೆಕ್ಕ ಹೇಳುತ್ತೇನೆ, ಆಗ ಪೂರ್ತಿ ಅರ್ಥವಾಗುತ್ತೆ. 2021ರ ಆಗಸ್ಟ್ 1, ಭಾನುವಾರ. ಟೋಕಿಯೊ ಒಲಿಂಪಿಕ್ಸ್. ನಮ್ಮಲ್ಲಿ ಸಂಜೆ 5 ಗಂಟೆಗೆ ಪಿ.ವಿ. ಸಿಂಧು ಕಂಚಿಗಾಗಿ ಆಡುತ್ತಿದ್ದಳು, ಗೆದ್ದಳು. ಅದರ ಬೆನ್ನಿಗೇ ಹಾಕಿಯಲ್ಲಿ ನಮ್ಮ ಹುಡುಗರು ಬ್ರಿಟನ್ ತಂಡವನ್ನು 3-1ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋದರು. ಅದನ್ನು ಬಿಟ್ಟು ಬೇರೆ ತೋರಿಸಿ ಅಂತ ನಾನಂತೂ ಕೇಳಲ್ಲ. ಆದರೆ ಅದೇ ಸಂಜೆ ಟ್ರ್ಯಾಕ್‌ನ ಅಂಗಳದಲ್ಲಿ ಏನೇನಾಯ್ತು ನೋಡಿ. ಹೈ ಜಂಪ್‌ನಲ್ಲಿ ಕತಾರ್‌ನ ಬರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್‌ವರೆಗೆ ಒಂದೂ ತಪ್ಪಿಲ್ಲದೆ ದಾಟಿದರು, 2.39ರಲ್ಲಿ ಇಬ್ಬರೂ ಮೂರು ಸಲ ತಪ್ಪಿದರು, ಕೊನೆಗೆ ಚಿನ್ನವನ್ನು ಹಂಚಿಕೊಂಡರು. ಬೆಲಾರಸ್‌ನ ನೆಡಸೆಕಾವ್ ಕೂಡ 2.37 ದಾಟಿದ್ದ. ಅವನಿಗೆ ಕಂಚು, ಯಾಕಂದ್ರೆ ಅವನ ಹೆಸರಿನ ಮುಂದೆ ತಪ್ಪುಗಳಿದ್ದವು. ಇಟಲಿಯ ಜೇಕಬ್ಸ್ 100 ಮೀಟರ್‌ನ್ನು 9.80ರಲ್ಲಿ ಗೆದ್ದು ಬಂದಾಗ ಅವನನ್ನು ತಬ್ಬಿಕೊಳ್ಳಲು ತಂಬೇರಿ ಅಲ್ಲೇ ಕಾಯುತ್ತಿದ್ದ. ಇನ್ನು ನಿಮ್ಮ ಮಗಳ ಆಟ. ವೆನೆಜುವೆಲಾದ ಯುಲಿಮಾರ್ ರೋಹಾಸ್ ಮೊದಲ ಜಿಗಿತದಲ್ಲೇ 15.41 ಹಾರಿದಳು. ಒಲಿಂಪಿಕ್ ದಾಖಲೆ, ಅದನ್ನು ಬೇರೆ ಯಾರೂ ಮುಟ್ಟಲಿಲ್ಲ. ಚಿನ್ನ ಖಚಿತವಾದ ಮೇಲೂ ಆರನೇ ಜಿಗಿತಕ್ಕೆ ಪೂರ್ತಿ ಜೀವ ಹಾಕಿ ಓಡಿದಳು. 15.67. ಉಕ್ರೇನ್‌ನ ಕ್ರಾವೆಟ್ಸ್ 1995ರಲ್ಲಿ ಮಾಡಿದ್ದ 15.50ರ ವಿಶ್ವ ದಾಖಲೆ ಮುರಿಯಿತು. "ಚಿನ್ನ ಯಾರಿಗೆ ಅಂತ ಗೊತ್ತಾಯ್ತಲ್ಲ" ಅಂತ ಕ್ಯಾಮೆರಾ ಬೇರೆ ಕಡೆ ತಿರುಗಿದ್ದರೆ ಅದು ತಪ್ಪಿಹೋಗುತ್ತಿತ್ತು. ಗೆದ್ದ ಮೇಲೂ ಕೊನೆಯ ಜಿಗಿತವನ್ನು ಹಾಗೆ ಜಿಗಿಯಬೇಕು ಅನ್ನೋದು ನಿಮ್ಮ ಮಗಳಿಗೆ ಕಾಣಬೇಕಿರೋದು.

ಈಗ ಕೆಲಸದ ಮಾತು.

ಹಾಳೆ ಹೀಗೆ ಮಾಡಿಕೊಳ್ಳಿ. ಅಡ್ಡ ಇಟ್ಟು 12 ಸಾಲು, 6 ಕಾಲಂ ಎಳೆಯಿರಿ. ಫೈನಲ್‌ನಲ್ಲಿ 12 ಜನ. ಎಲ್ಲರಿಗೂ ಮೂರು ಜಿಗಿತ. 2024ರ ಪ್ಯಾರಿಸ್‌ನಲ್ಲಿ ಆಮೇಲೆ ಮೊದಲ 8 ಜನಕ್ಕೆ ಇನ್ನೂ ಮೂರು ಇತ್ತು. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕನೇ ಸುತ್ತಿಗೆ 10, ಐದನೆಯದಕ್ಕೆ 8, ಆರನೆಯದಕ್ಕೆ 6 ಜನ ಉಳಿದರು. ಹಾಗಾಗಿ ಜನ ಹೊರಬೀಳುವ ಕಾಲಂ ಆದಮೇಲೆಲ್ಲ ಒಂದು ದಪ್ಪ ಗೆರೆ ಹಾಕಿ. ಆ ಗೆರೆಯ ಹತ್ತಿರ ಒಳಗುಳಿಯಲು ಕೊನೆಯ ಸ್ಥಾನದವರ ಪರದಾಟ ಇದೆಯಲ್ಲ, ಅದನ್ನು ಟಿವಿಯವರು ತೋರಿಸೋದು ತೀರಾ ಅಪರೂಪ. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಮೂರು ಸುತ್ತಾದ ಮೇಲೆ ಜಿಗಿಯುವ ಸರದಿ ತಿರುಗುತ್ತೆ, ಮುಂದಿರೋರು ಕೊನೆಗೆ ಬರುತ್ತಾರೆ. ಹೆಸರುಗಳನ್ನು ಅರ್ಧ ಗಂಟೆ ಮುಂಚೆಯೇ ಸ್ಟಾರ್ಟ್ ಲಿಸ್ಟ್ ನೋಡಿ ಬರೆದುಕೊಳ್ಳಿ. ಒಲಿಂಪಿಕ್ಸ್‌ಗೆ ಅದರದೇ ವೆಬ್‌ಸೈಟ್, ವಿಶ್ವ ಚಾಂಪಿಯನ್‌ಶಿಪ್‌ಗೆ ವರ್ಲ್ಡ್ ಅಥ್ಲೆಟಿಕ್ಸ್ ವೆಬ್‌ಸೈಟ್. ಪ್ರತಿ ಜಿಗಿತದ ಅಳತೆಯೂ ಅಲ್ಲಿ ಬರುತ್ತೆ. ಟಿವಿ ಬೇರೆ ಕಡೆ ಹೋದಾಗ ಫೋನ್ ನೋಡಿ ಖಾನೆ ತುಂಬಿ. ಫೌಲ್ ಆದ್ರೆ ಎಕ್ಸ್. ಹೈ ಜಂಪ್ ಆದ್ರೆ ದಾಟಿದ್ದಕ್ಕೆ ಸೊನ್ನೆ, ತಪ್ಪಿದ್ದಕ್ಕೆ ಎಕ್ಸ್, ಆ ಎತ್ತರ ಜಿಗಿಯದೆ ಮುಂದಿನದಕ್ಕೆ ಹೋದದ್ದಕ್ಕೆ ಒಂದು ಅಡ್ಡಗೆರೆ. ಇದನ್ನು ಬರೆದರೆ ನೆಡಸೆಕಾವ್‌ಗೆ ಕಂಚು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಜಾವೆಲಿನ್‌ಗೂ ಇದೇ ಹಾಳೆ. ನಮ್ಮವರ ಎಸೆತ ಮಾತ್ರ ನೋಡಿದರೆ ಕಥೆ ಅರ್ಧವಾಗುತ್ತೆ. 2024ರ ಪ್ಯಾರಿಸ್ ಫೈನಲ್‌ನಲ್ಲಿ ನೀರಜ್ ಚೋಪ್ರಾನ ಆರು ಎಸೆತದಲ್ಲಿ ಐದು ಫೌಲ್. ನಿಂತಿದ್ದು ಎರಡನೆಯದು ಒಂದೇ, 89.45 ಮೀಟರ್. ಅದೇ ಸುತ್ತಿನಲ್ಲಿ ಅವನಿಗಿಂತ ಮೊದಲು ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದು ಒಲಿಂಪಿಕ್ ದಾಖಲೆ ಮಾಡಿದ್ದ. ಆ ಖಾನೆಯಲ್ಲಿ 92.97 ಅಂತ ಬರೆದವರಿಗೆ ನೀರಜ್ ಯಾಕೆ ಅಷ್ಟು ಬಿರುಸಾಗಿ ಓಡಿಬರುತ್ತಿದ್ದ, ಯಾಕೆ ಗೆರೆ ತುಳಿಯುತ್ತಿದ್ದ ಅನ್ನೋದು ಗೊತ್ತಾಗುತ್ತೆ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಅಷ್ಟೇ. ಎಲ್ಲರ ಕಣ್ಣು ನೀರಜ್ ಮೇಲಿತ್ತು, ಅವನು 84.03 ಎಸೆದು ಎಂಟನೆಯವನಾದ. ಸಚಿನ್ ಯಾದವ್ 86.27 ಎಸೆದು ನಾಲ್ಕನೆಯವನಾದ. ಕಂಚು ಬಿದ್ದಿದ್ದು 86.67ಕ್ಕೆ. 40 ಸೆಂಟಿಮೀಟರ್!

ಉದ್ದದ ಓಟಕ್ಕೆ ಬೇರೆ ಉಪಾಯ. 10,000 ಮೀಟರ್ ಅಂದ್ರೆ 25 ಸುತ್ತು. ಮುಂದಿರೋನು ಗೆರೆ ದಾಟಿದಾಗಲೆಲ್ಲ ಪರದೆಯ ಗಡಿಯಾರ ನೋಡಿ ಬರೆಯಿರಿ. ಪ್ಯಾರಿಸ್‌ನಲ್ಲಿ ಉಗಾಂಡದ ಚೆಪ್ಟೆಗೈ 26 ನಿಮಿಷ 43.14 ಸೆಕೆಂಡ್‌ನಲ್ಲಿ ಗೆದ್ದ. ಸುತ್ತಿಗೆ ಸರಾಸರಿ 64 ಸೆಕೆಂಡ್ ಚಿಲ್ಲರೆ. ಆ ಓಟದಲ್ಲಿ 13 ಜನ 27 ನಿಮಿಷದ ಒಳಗೆ ಮುಗಿಸಿದರು. ಜಾಹೀರಾತು ಎರಡು ನಿಮಿಷ ಬಂದರೆ ಹತ್ತಿರಹತ್ತಿರ ಎರಡು ಸುತ್ತು ಹೋಯ್ತು ಅಂತ. ವಾಪಸ್ ಬಂದಾಗ ಗಡಿಯಾರ ನೋಡಿ ಲೆಕ್ಕ ಹಾಕಿದರೆ ಆ ಎರಡು ಸುತ್ತಿನಲ್ಲಿ ಯಾರಾದರೂ ವೇಗ ಏರಿಸಿದರಾ ಅಂತ ಸಿಕ್ಕಿಬಿಡುತ್ತೆ. ಮಕ್ಕಳು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಆ್ಯಪ್‌ನಲ್ಲಿ ನೋಡುವುದಾದರೆ ಮೊದಲ ಪುಟದಲ್ಲಿ ಬರುವ ವಿಡಿಯೊ ಒತ್ತಬೇಡಿ. ಒಳಗೆ ಹೋಗಿ ಆಟಗಳ ಪಟ್ಟಿ ಹುಡುಕಿ, ಬೇರೆ ಫೀಡ್ ಇದ್ದರೆ ಅಲ್ಲೇ ಇರುತ್ತೆ. ಪ್ಯಾರಿಸ್ ಸಮಯದಲ್ಲಿ ಜಿಯೊ ಸಿನಿಮಾ ಆಟಕ್ಕೊಂದು ಫೀಡ್ ಬಿಟ್ಟಿತ್ತು, ಅದೂ ಉಚಿತವಾಗಿ. ಬಹಳ ಒಳ್ಳೆಯ ಕೆಲಸ. ಆ್ಯಪ್ ಟಿವಿಗಿಂತ ಹಿಂದೆ ಓಡುತ್ತೆ, ಆದ್ದರಿಂದ ವಾಟ್ಸಾಪ್ ಮತ್ತು ಸುದ್ದಿಯ ನೋಟಿಫಿಕೇಶನ್ ಮುಚ್ಚಿಡಿ. ಊರಿನ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಅದನ್ನೂ ತಿರುಗಿಸಿ ನೋಡಿ. ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಪ್ರಸಾರ ಭಾರತಿಗೂ ಕೊಡಬೇಕು ಅಂತ 2007ರ ಕಾಯ್ದೆ ಇದೆ. ಅದು ದೂರದರ್ಶನದ ಸ್ವಂತ ಪ್ರಸಾರಕ್ಕೆ ಮತ್ತು ಫ್ರೀ ಡಿಶ್‌ಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹಾಗಾಗಿ ಅಲ್ಲಿ ಸಿಕ್ಕಿದ್ದು ಕೇಬಲ್‌ನಲ್ಲಿ ಸಿಗದೇ ಇರಬಹುದು.

ಹೊತ್ತಿನ ಲೆಕ್ಕ ಗೋಡೆಗೆ ಅಂಟಿಸಿಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ಸಂಜೆ 7 ಅಂದ್ರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಬ್ರಿಟನ್ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ 7 ಅಂದ್ರೆ ಇಲ್ಲಿ ರಾತ್ರಿ ಹನ್ನೊಂದೂವರೆ. 2028ರ ಲಾಸ್ ಏಂಜಲೀಸ್ ನಮಗೆ ಒಂಥರಾ ಅನುಕೂಲ. ಹನ್ನೆರಡೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ 6ಕ್ಕೆ ಶುರುವಾದರೆ ಇಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಕಾಫಿ ಹಿಡಿದು ನೋಡಬಹುದು. ಅಲ್ಲಿ ಅಥ್ಲೆಟಿಕ್ಸ್ ಮೊದಲ ವಾರ, ಈಜು ಎರಡನೇ ವಾರ. ಯಾವಾಗಿನ ರೂಢಿಯಂತೆ ಎರಡನೇ ವಾರಕ್ಕೆ ಕಾದು ಕೂರಬೇಡಿ.

ಕಾಮೆಂಟರಿ ಬಗ್ಗೆ ಒಂದು ಮಾತು. ಕ್ರಿಕೆಟ್‌ಗೆ, ಕಬಡ್ಡಿಗೆ ಕನ್ನಡದಲ್ಲಿ ಬಂತು, ಚೆನ್ನಾಗಿದೆ. ಟ್ರಿಪಲ್ ಜಂಪ್‌ಗೆ ಕನ್ನಡದಲ್ಲಿ ನಾನಿನ್ನೂ ಕೇಳಿಲ್ಲ. ಅದಕ್ಕೇ ನಾನು ಸದ್ದು ಕಡಿಮೆ ಮಾಡಿ ಮಕ್ಕಳಿಗೆ ನಾನೇ ಹೇಳುತ್ತೇನೆ. ಹಾಪ್‌ನಲ್ಲಿ ಎದ್ದ ಕಾಲಿನ ಮೇಲೇ ಇಳಿದಳಾ? ಸ್ಟೆಪ್ ಉದ್ದ ಬಂತಾ, ಇಲ್ಲ ಸುಮ್ನೆ ಕಾಲಿಟ್ಟಳಾ? ನಮ್ಮ ಮಕ್ಕಳು ಕಳೆದುಕೊಳ್ಳೋದು ಜಾಸ್ತಿ ಆ ಎರಡನೇ ಹೆಜ್ಜೆಯಲ್ಲೇ. ನಿಧಾನಗತಿಯ ರೀಪ್ಲೇ ಬಂದಾಗ ಅದನ್ನೇ ನೋಡಿಸಿ.

ಇನ್ನೊಂದು ಮಾಡಿ. ನೋಡಿದ ಮಾರನೇ ದಿನ ಮಗಳನ್ನು ಗ್ರೌಂಡಿಗೆ ಕರೆದುಕೊಂಡು ಹೋಗಿ ಟೇಪ್ ಹಿಡಿಯಿರಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಕೇರಳದ ಎಲ್ದೋಸ್ ಪಾಲ್ 17.03 ಜಿಗಿದು ಚಿನ್ನ, ಅದೇ ಕೇರಳದ ಅಬ್ದುಲ್ಲಾ ಅಬೂಬಕರ್ 17.02 ಜಿಗಿದು ಬೆಳ್ಳಿ. ನಮ್ಮವನೇ ಪ್ರವೀಣ್ ಚಿತ್ರವೇಲ್ 16.89ಕ್ಕೆ ನಾಲ್ಕನೆಯವನು. ಈ ಮೂರು ಕಡೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಲು ನೋಡಿ. ಮೊದಲ ಎರಡು ಗೆರೆ ಒಂದರ ಮೇಲೊಂದು ಬೀಳುತ್ತವೆ, ಬೇರೆ ಮಾಡಲು ಆಗಲ್ಲ, ಕಡ್ಡಿಯಲ್ಲಿ ಗೀರಬೇಕು. ಮೂರನೆಯದು ಒಂದು ಗೇಣಿಗೂ ಕಡಿಮೆ ದೂರದಲ್ಲಿ. ನನ್ನ ಹುಡುಗರು ಆ ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತೇ ಆಡಲಿಲ್ಲ.

ಮುಂದಿನ ಫೈನಲ್‌ಗೆ ಪೆನ್ಸಿಲ್ ಅವಳ ಕೈಗೇ ಕೊಡಿ. ಹಾಳೆಯ ನಮೂನೆ ಬೇಕಿದ್ದರೆ ಹೇಳಿ, ನನ್ನ ಹಳೆಯದರ ಫೋಟೊ ಇಲ್ಲೇ ಹಾಕುತ್ತೇನೆ. ಅವಳ ರನ್-ಅಪ್ ಎಷ್ಟು ಹೆಜ್ಜೆ, ಬೋರ್ಡ್‌ಗೆ ಯಾವ ಕಾಲು ಹಾಕುತ್ತಾಳೆ ಅನ್ನೋದನ್ನೂ ಬರೆಯಿರಿ. ಜಿಲ್ಲಾ ಮಟ್ಟಕ್ಕೆ ಇನ್ನೂ ದಿನ ಇದೆ ಅಲ್ವಾ?